ಸೋಸುವ ಬಟ್ಟೆಯೋ, ಸುರಿಯುವ ವಿಷವೋ?

ನೀರನ್ನು ಸೋಸಿ ಕುಡಿಯುವುದು ಶ್ರಾವಕನ ಮನೆಯ ಮೊದಲ ಗುರುತು. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಎಲ್ಲೆಂದರಲ್ಲಿ ಕೊಡವದೆ, ನೀರು ತಂದ ಬಾವಿಗೇ ಮರಳಿ ಬಿಡಬೇಕೆಂಬುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ವಿಧಿ. ಬಾವಿಯ ಜೀವಿಗಳಿಗೆ ನಾವು ಹೋಗಕೂಡದು, ನಮ್ಮ ಪಾತ್ರೆಗೆ ಅವು ಬರಕೂಡದು, ನಡುವೆ ಒಂದು ಬಟ್ಟೆ ಇರಲಿ ಎಂಬುದೇ ಇದರ ತಿರುಳು. ಬಾವಿಗೆ ವಿಷ ಹಾಕಿ ನೀರನ್ನು ನಿರ್ಜೀವಗೊಳಿಸಿದರೆ ಸೋಸುವ ಶ್ರಮ ಉಳಿಯುತ್ತದೆಂದು ನಮ್ಮಲ್ಲಿ ಯಾರೂ ವಾದಿಸಿದ್ದಿಲ್ಲ. ಆದರೆ ಮರದ ವಿಷಯಕ್ಕೆ ಬಂದಾಗ ನಾವು ಮಾಡುತ್ತಿರುವುದು ಅದನ್ನೇ. ಮನೆಯ ಬಾಗಿಲುವಾಡ, ಬಸದಿಯ ತೊಲೆ, ನದೀಮುಖದ ಜಮೀನಿನ ದಂಡೆ ಕುಸಿಯದಂತೆ ನಿಲ್ಲಿಸಿದ ಹಲಗೆಗೋಡೆ, ಇವೆಲ್ಲವನ್ನೂ ಕಾಯಲು ಯಾವ ದ್ರವ್ಯವನ್ನು ಎಷ್ಟು ಸುರಿದರೆಂದು ಕೇಳದೆಯೇ ನಾವು ಬಿಲ್ಲಿಗೆ ಸಹಿ ಹಾಕುತ್ತೇವೆ. ಈ ಅಸಡ್ಡೆಯನ್ನು ಇನ್ನು ಮುಂದೆ ಅನಿವಾರ್ಯವೆಂದು ಕರೆಯಬಾರದೆಂಬುದೇ ಈ ಲೇಖನದ ವಾದ.

ಕುಕ್ ಟೌನಿನಲ್ಲಿ ಕುಳಿತವರಿಗೆ ಕಡಲಿನ ಹುಳುವಿನ ಚಿಂತೆ ಏಕೆಂದು ಕೆಲವರು ನಗಬಹುದು. ಪಕ್ಕದ ಹಲಸೂರು ಕೆರೆಯ ನೀರು ಸಿಹಿನೀರು. ಅಲ್ಲಿ ಮರ ಕೊರೆಯುವ ಸಮುದ್ರಜೀವಿಯಿಲ್ಲ ಎಂಬುದು ನಿಜ. ಆದರೆ ಹಿಂಸೆಗೆ ಕೈ ಒಂದೇ ದಾರಿಯಲ್ಲ. ಕೃತ, ಕಾರಿತ, ಅನುಮತ ಎಂದು ಶಾಸ್ತ್ರಕಾರರು ಮೂರು ಬಾಗಿಲುಗಳನ್ನು ತೋರಿಸಿದ್ದಾರೆ. ನಗರದಲ್ಲಿ ಗಳಿಸಿ ಕುಮಟಾ, ಹೊನ್ನಾವರ, ಉಡುಪಿಯ ಕಡೆ ಹೊಳೆದಂಡೆಯ ಜಮೀನು ಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ. ಮರ, ಪ್ಲೈವುಡ್, ಬಣ್ಣ, ರಾಸಾಯನಿಕಗಳ ವ್ಯಾಪಾರದಲ್ಲಿ ತೊಡಗಿದ ಕುಟುಂಬಗಳೂ ಇವೆ. ದಂಡೆಯ ಮೇಲೆ ಕುಂಚ ಹಿಡಿದವನು ಕೂಲಿಯವನಾದರೂ ಕಾರಿತದ ಭಾರ ಹಣ ಕೊಟ್ಟವನ ಮೇಲೆ, ಅನುಮತದ ಭಾರ ಸುಮ್ಮನೆ ತಲೆಯಾಡಿಸಿದ ಧರ್ಮದರ್ಶಿಯ ಮೇಲೆ ಬೀಳುತ್ತದೆ. ಇನ್ನು ಕಡಲು ನಮ್ಮ ಸಮಾಜಕ್ಕೆ ಹೊರಗಿನದೂ ಅಲ್ಲ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯ ನಾಡಿನ ಕಾಳುಮೆಣಸು ಹೊಳೆ ಹಾಗೂ ಕಡಲಿನ ದಾರಿಯಲ್ಲೇ ಪರದೇಶಗಳಿಗೆ ಹೋಗುತ್ತಿತ್ತು.

ಯಾರಿಂದ ಮರವನ್ನು ಕಾಯಬೇಕೆಂಬುದನ್ನು ಮೊದಲು ತಿಳಿಯೋಣ. ಹಡಗುಹುಳುವೆಂದು ಕರೆಯಲ್ಪಡುವ ಜೀವಿ ವಾಸ್ತವವಾಗಿ ಹುಳುವಲ್ಲ, ಮಳಿ ಚಿಪ್ಪುಗಳ ಬಂಧು. 1730ರ ದಶಕದ ಆರಂಭದಲ್ಲಿ ಹಾಲೆಂಡಿನ ಕಡಲ ಒಡ್ಡುಗಳಿಗೆ ಹೊದಿಸಿದ್ದ ಮರದ ಕವಚವನ್ನು ಇದು ಜರಡಿಯಂತೆ ಮಾಡಿದಾಗ, ಇದು ದೇವರ ಶಿಕ್ಷೆಯೆಂದು ಅಲ್ಲಿನ ಜನ ಭಯಪಟ್ಟರು. 1733ರಲ್ಲಿ ಸೆಲ್ಲಿಯಸ್ ಎಂಬ ವಿದ್ವಾಂಸ ಇದು ಚಿಪ್ಪುಜೀವಿಗಳ ಗುಂಪಿಗೆ ಸೇರಿದ್ದೆಂದು ತೋರಿಸಿದ. ನೀರಿನಲ್ಲಿ ತೇಲುವ ಇದರ ಮರಿ ಸೂಜಿಮೊನೆಯಷ್ಟು ರಂಧ್ರದಿಂದ ಮರದೊಳಗೆ ಹೊಗುತ್ತದೆ. ಆಮೇಲೆ ಜೀವಮಾನವಿಡೀ ಹೊರಗೆ ಬರುವುದಿಲ್ಲ. ತಲೆಯ ಕಡೆಯ ಎರಡು ಪುಟ್ಟ ಚಿಪ್ಪುಗಳಿಂದ ಮರವನ್ನು ತುರಿಯುತ್ತಾ, ಸುರಂಗದ ಗೋಡೆಗೆ ಸುಣ್ಣ ಬಳಿಯುತ್ತಾ, ಕಿವಿರುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳ ನೆರವಿನಿಂದ ಮರವನ್ನು ಜೀರ್ಣಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಪಶ್ಚಿಮದ ಹೊಳೆಗಳು ತುಂಬಿ ಅಳಿವೆಯ ನೀರು ಸಿಹಿಯಾದಾಗ, ಬಾಲದ ತುದಿಯ ಮುಚ್ಚಳದಿಂದ ರಂಧ್ರವನ್ನು ಮುಚ್ಚಿಕೊಂಡು ಬಹುದಿನ ತಡೆದುಕೊಳ್ಳಬಲ್ಲದು. ಇದರ ಜೊತೆಗೆ ಮಾರ್ಟೀಸಿಯಾ ಎಂಬ ಇನ್ನೊಂದು ಚಿಪ್ಪುಜೀವಿ, ಸ್ಫೀರೋಮಾ ಹಾಗೂ ಲಿಮ್ನೋರಿಯಾ ಎಂಬ ಸೀಗಡಿಯ ದೂರದ ಬಂಧುಗಳೂ ಮರವನ್ನು ಕೊರೆಯುತ್ತವೆ. ಹುಳುವೆನ್ನಿ, ಚಿಪ್ಪೆನ್ನಿ, ಶಂಖ ಮತ್ತು ಕ್ರಿಮಿಗಳನ್ನು ಒಟ್ಟಿಗೆ ದ್ವೀಂದ್ರಿಯಗಳಲ್ಲಿ ಎಣಿಸಿದ ನಮ್ಮ ಪರಂಪರೆಗೆ ಇದು ಸ್ಪರ್ಶ ಮತ್ತು ರಸನೆಯುಳ್ಳ ತ್ರಸಜೀವಿಯೇ ಸರಿ. ಅಣುವ್ರತಿಯಾದ ಗೃಹಸ್ಥನು ಸಂಕಲ್ಪಪೂರ್ವಕವಾಗಿ ಕೊಲ್ಲಬಾರದ ಜೀವಿಗಳ ಎಲ್ಲೆಯೊಳಗೆ ಇದು ಬರುತ್ತದೆ.

ಇದರ ವಿರುದ್ಧ ಜಗತ್ತು ಕಂಡುಕೊಂಡ ಪ್ರಬಲ ಅಸ್ತ್ರ ನಮ್ಮ ದೇಶದಲ್ಲೇ ಹುಟ್ಟಿತು. 1933ರಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣವನ್ನು ರೂಪಿಸಿದರು. ಒತ್ತಡದಿಂದ ಮರದೊಳಕ್ಕೆ ತುಂಬಿದ ಈ ದ್ರವ್ಯದಲ್ಲಿ ತಾಮ್ರವೂ ಆರ್ಸೆನಿಕ್ಕೂ ಕೊಲ್ಲುತ್ತವೆ, ಕ್ರೋಮಿಯಂ ಅವನ್ನು ಮರಕ್ಕೆ ಬಿಗಿಯುತ್ತದೆ. ಕಾಡು ಉಳಿಸಿದ ಶೋಧನೆಯಿದು ಎಂಬುದನ್ನು ಅಲ್ಲಗಳೆಯಲಾಗದು. ಮರ ಬೇಗ ಕೊಳೆತಷ್ಟೂ ಹೊಸ ಮರ ಕಡಿಯಬೇಕು. ಆದರೆ ಬಿಗಿತವೆಂಬುದು ಪೂರ್ಣವಲ್ಲ. ಸಂಸ್ಕರಿಸಿ ಸಾಕಷ್ಟು ದಿನ ಬಿಡದೆ ನೀರಿಗಿಳಿಸಿದ ಹಲಗೆಯಿಂದ ವಿಷ ಹೆಚ್ಚಾಗಿ ಸೋರುತ್ತದೆ. ಆ ಹಲಗೆಯ ತುಂಡುಗಳನ್ನು ಒಲೆಗೆ ಹಾಕಿದರೆ ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಅಮೆರಿಕದಲ್ಲಿ ತಯಾರಕರು 2003ರ ಅಂತ್ಯದಿಂದ ಮನೆಬಳಕೆಯ ಹೆಚ್ಚಿನ ಕೆಲಸಗಳಿಗೆ ಈ ಮಿಶ್ರಣವನ್ನು ಕೈಬಿಟ್ಟರು. ಯುರೋಪಿನ ಒಕ್ಕೂಟ 2003ರ ನಿರ್ದೇಶನದ ಮೂಲಕ ಆರ್ಸೆನಿಕ್ ತುಂಬಿದ ಮರವನ್ನು ಸಮುದ್ರದ ನೀರಿನಲ್ಲಿ ಬಳಸುವುದನ್ನೇ ತಡೆಯಿತು. ಹಡಗಿನ ತಳಕ್ಕೆ ಬಳಿಯುತ್ತಿದ್ದ ತವರದ ವಿಷಬಣ್ಣಗಳಿಂದ ಸಿಂಪಿ, ಶಂಖಗಳ ಸಂತಾನವೇ ಕೆಟ್ಟಿದ್ದನ್ನು ಕಂಡ ಮೇಲೆ 2001ರ ಅಂತರರಾಷ್ಟ್ರೀಯ ಒಪ್ಪಂದ ಅವನ್ನು ನಿಷೇಧಿಸಿತು. ಅದು 2008ರಲ್ಲಿ ಜಾರಿಗೆ ಬಂದಿತು. ಲೌಕಿಕ ಕಾನೂನು ಇಷ್ಟು ದೂರ ಬಂದಿರುವಾಗ ಅಹಿಂಸೆಯನ್ನೇ ಪರಮಧರ್ಮವೆಂದು ಸಾರುವವರು ಅದಕ್ಕಿಂತ ಹಿಂದೆ ಉಳಿಯುವುದು ಶೋಭೆಯಲ್ಲ.

ಅಘನಾಶಿನಿಯ ಅಳಿವೆಯನ್ನೇ ನೋಡಿ. ಕುಮಟಾ ತಾಲ್ಲೂಕಿನ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ತಡೆಯುವ ಒಡ್ಡು ಕಟ್ಟಿ, ಮರದ ಹಲಗೆಯ ತೂಬಿನಿಂದ ಭರತ ಇಳಿತಗಳನ್ನು ಅಂಕೆಯಲ್ಲಿಟ್ಟು, ಕಗ್ಗವೆಂಬ ಉಪ್ಪು ಸಹಿಸುವ ಭತ್ತವನ್ನು ರೈತರು ತಲೆಮಾರುಗಳಿಂದ ಬೆಳೆದಿದ್ದಾರೆ. 2024ರಲ್ಲಿ ಈ ಅಳಿವೆ ರಾಮ್‌ಸರ್ ತಾಣವೆಂದು ಮಾನ್ಯವಾಯಿತು. ಇಲ್ಲಿ ಚಿಪ್ಪುಗಳು ಹೇರಳ. ಇವು ನೀರನ್ನು ಸೋಸಿ ಬದುಕುವ ಜೀವಿಗಳಾದುದರಿಂದ ನೀರಿನಲ್ಲಿ ಕರಗಿದ ತಾಮ್ರ ಅವುಗಳ ಮೈಯಲ್ಲಿ ಸಂಗ್ರಹವಾಗುತ್ತದೆ. ಅವನ್ನು ಆರಿಸಿ ಮಾರುವವರ ವೃತ್ತಿಯನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ನಮ್ಮ ದಂಡೆಯ ಹಲಗೆಯೊಂದು ಹತ್ತು ವರ್ಷ ಹೆಚ್ಚು ಬಾಳಲೆಂದು ಇನ್ನೊಬ್ಬರ ಮಕ್ಕಳ ತಟ್ಟೆಗೆ ವಿಷ ಸೇರುವುದಾದರೆ ಅದು ಯಾವ ಧರ್ಮ? ಒಂದು ಜೀವಿಯನ್ನು ತಡೆಯಲು ಹೊರಟ ವಿಷಕ್ಕೆ ಕೊರೆಯುವ ಚಿಪ್ಪು ಯಾವುದು, ಕೊರೆಯದ ಚಿಪ್ಪು ಯಾವುದು ಎಂಬ ವಿವೇಕವಿಲ್ಲ.

ಇದಕ್ಕೆ ಮೂರು ಆಕ್ಷೇಪಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಒಂದೊಂದನ್ನೂ ಪರಿಶೀಲಿಸೋಣ.

ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ತಪ್ಪಿದ್ದಲ್ಲ, ಮನೆ ಕಟ್ಟಿದವನು ಮನೆಯನ್ನು ಕಾಯಲೇಬೇಕು ಎಂಬುದು ಮೊದಲನೆಯದು. ಮಾತು ನಿಜ, ಆದರೆ ಅರ್ಧ ನಿಜ. ತಪ್ಪದ ಹಿಂಸೆ ಎಂಬುದು, ಎಲ್ಲ ಎಚ್ಚರಿಕೆಯನ್ನು ವಹಿಸಿದ ಮೇಲೂ ಉಳಿಯುವ ಹಿಂಸೆ. ಎಚ್ಚರಿಕೆಯನ್ನೇ ವಹಿಸದೆ ಆದದ್ದು ಪ್ರಮಾದ. ಪ್ರಮಾದದಿಂದ ಪ್ರಾಣವನ್ನು ನೀಗಿಸುವುದನ್ನೇ ಉಮಾಸ್ವಾಮಿಗಳು ಹಿಂಸೆಯೆಂದು ವಿವರಿಸಿದರು. ಬೇರೆ ದಾರಿಯಿದೆಯೇ ಎಂದು ಒಮ್ಮೆಯೂ ಕೇಳದವನಿಗೆ ಅನಿವಾರ್ಯ ಎಂಬ ಪದವನ್ನು ಬಳಸುವ ಅಧಿಕಾರವಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಹಿಂಸಾದಾನವನ್ನು, ಎಂದರೆ ಕೊಲ್ಲುವ ಸಾಧನಗಳನ್ನು ಇತರರಿಗೆ ಒದಗಿಸುವುದನ್ನು, ಅನರ್ಥದಂಡಗಳಲ್ಲಿ ಎಣಿಸಿದೆ. ವಿಷದ ಡಬ್ಬಿಯನ್ನು ಬಳಕೆಯ ವಿಧಿ ಹೇಳದೆ ಮಾರುವ ವ್ಯಾಪಾರಿಯೂ ಈ ಮಾತನ್ನು ನೆನೆಯಬೇಕು.

ಮರವೇ ಬೇಡ, ಕಾಂಕ್ರೀಟು ಸುರಿದರೆ ಪಾಪವಿಲ್ಲ ಎಂಬುದು ಎರಡನೆಯದು. ಇದು ಕಾಣದ ಹಿಂಸೆಯನ್ನು ಇಲ್ಲವೆನ್ನುವ ವಾದ. ಸುಣ್ಣಕಲ್ಲಿನ ಗಣಿ, ಸಿಮೆಂಟಿನ ಗೂಡಿನ ಉರಿ, ಹೊಳೆಯ ಮರಳು ಇವು ಪೃಥ್ವೀಕಾಯ, ಅಗ್ನಿಕಾಯ, ಅಪ್ಕಾಯಗಳನ್ನು ಮುಟ್ಟದೆ ಬರುವುದಿಲ್ಲ. ಹಾಲೆಂಡಿನವರು ಮರದ ಕವಚ ಬಿಟ್ಟು ಹೊರನಾಡಿನಿಂದ ಕಲ್ಲು ತರಿಸಿ ಒಡ್ಡಿಗೆ ಹೊದಿಸಿದರು. ಅದಕ್ಕೆ ಅವರು ತೆತ್ತ ಬೆಲೆ ಅಪಾರ. ಕಲ್ಲು ಎಲ್ಲಿ ಹತ್ತಿರ ದೊರೆಯುವುದೋ, ಎಲ್ಲಿ ಗೋಡೆ ಶತಮಾನ ನಿಲ್ಲಬೇಕೋ ಅಲ್ಲಿ ಕಲ್ಲು ಸರಿ. ಎಲ್ಲೆಡೆಗೂ ಅದೇ ಉತ್ತರವಲ್ಲ.

ಹಾಗಿದ್ದರೆ ಮರ ಹಾಳಾಗಲಿ, ನಾವು ಸುಮ್ಮನಿರೋಣ ಎಂಬುದು ಮೂರನೆಯದು. ಇದು ಭಕ್ತಿಯಂತೆ ಕಾಣುವ ಸೋಮಾರಿತನ. ಗೋಡೆ ಕುಸಿದರೆ ಅದರ ಹಿಂದಿನ ಮಣ್ಣು ಹೊಳೆಗೆ ಬೀಳುತ್ತದೆ, ಮಣ್ಣಿನ ಅಡಿ ಅಸಂಖ್ಯ ಜೀವಿಗಳು ಹೂತುಹೋಗುತ್ತವೆ, ಮತ್ತೆ ಹೊಸ ಮರ ಉರುಳುತ್ತದೆ. 1919ರಿಂದ ಎರಡು ಮೂರು ವರ್ಷಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರ ಭಾಗದ ಮರದ ಧಕ್ಕೆಗಳು ಒಂದರ ಹಿಂದೊಂದು ಕುಸಿದದ್ದು ಇದೇ ಜೀವಿಯಿಂದ. ಕಾಯದಿರುವುದೂ ಒಂದು ಕರ್ಮವೇ.

ಹಾಗಾದರೆ ದಾರಿ ಯಾವುದು? ಉತ್ತರ ನೀರು ಸೋಸುವ ಬಟ್ಟೆಯಲ್ಲಿಯೇ ಇದೆ. ಮರಿಜೀವಿ ಮರವನ್ನು ಮುಟ್ಟದಂತೆ ತಡೆದರೆ ಕೊಲ್ಲುವ ಪ್ರಸಂಗವೇ ಬರುವುದಿಲ್ಲ. ಕೊರೆತ ನಡೆಯುವುದು ಕೆಸರಿನ ಮಟ್ಟದಿಂದ ಭರತದ ಮಟ್ಟದವರೆಗೆ ಮಾತ್ರ. ಕೆಸರಿನಲ್ಲಿ ಹೂತ ಭಾಗಕ್ಕೆ ಪ್ರಾಣವಾಯು ಇಲ್ಲದೆ ಅದು ಇಳಿಯದು. ಆದುದರಿಂದ ಆ ನಡುವಿನ ಭಾಗಕ್ಕೆ ಮಾತ್ರ ದಪ್ಪನೆಯ ಪಾಲಿಥಿನ್ ಹಾಳೆಯನ್ನು, ಕೆಳತುದಿ ಕೆಸರಿನೊಳಗೆ ಹೋಗುವಂತೆ, ಬಿಗಿಯಾಗಿ ಸುತ್ತುವ ಪದ್ಧತಿ ಹೊರದೇಶಗಳ ಬಂದರುಗಳಲ್ಲಿ ದಶಕಗಳಿಂದ ಇದೆ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಈಗಾಗಲೇ ಜೀವಿ ಹೊಕ್ಕ ಕಂಬಕ್ಕೆ ಹಾಳೆ ಸುತ್ತಿದರೆ ಒಳಗಿನವು ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಸುತ್ತಬೇಕಾದದ್ದು ಒಣಗಿದ ಹೊಸ ಮರಕ್ಕೆ, ನೀರಿಗಿಳಿಸುವ ಮುನ್ನ. ಹರಿದ ಹಾಳೆ ಕಡಲಿಗೆ ಸೇರಿದರೆ ಅದೂ ಹಿಂಸೆಯೇ. ಪ್ರತಿವರ್ಷ ಮಳೆಗಾಲದ ನಂತರ ಪರೀಕ್ಷಿಸಿ ದುರಸ್ತಿ ಮಾಡುವ ಯತ್ನಾಚಾರವಿಲ್ಲದವರು ಈ ದಾರಿಗೆ ಕೈಹಾಕಬಾರದು. ತಾಮ್ರದ ತಗಡನ್ನು ಹೊದಿಸುವ ಹಳೆಯ ಪದ್ಧತಿ ಕೇವಲ ತಡೆಯಲ್ಲ, ತಾಮ್ರವೂ ಕರಗಿ ಕೊಲ್ಲುತ್ತದೆಂಬುದೂ ತಿಳಿದಿರಲಿ. ಇನ್ನು ಅಳಿವೆಯ ದಂಡೆಗೆ ಕಾಂಡ್ಲಾ ಗಿಡಗಳಿಗಿಂತ ಉತ್ತಮ ಗೋಡೆಯಿಲ್ಲ. ಅವುಗಳ ಬೇರೇ ಮಣ್ಣನ್ನು ಹಿಡಿಯುತ್ತದೆ. ಜಾಗವಿದ್ದಲ್ಲಿ ಹಲಗೆಯ ಗೋಡೆಯನ್ನು ಹಿಂದಕ್ಕೆ ಸರಿಸಿ ಮುಂದೆ ಕಾಂಡ್ಲಾ ಬೆಳೆಸುವುದು ಕಾಯಕವೂ ಹೌದು, ಕರುಣೆಯೂ ಹೌದು.

ಈ ವಿವೇಕ ನಮಗೆ ಹೊಸದಲ್ಲ. 1430ರಲ್ಲಿ ನಿರ್ಮಾಣವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಕೆಳಗೆ ಕಲ್ಲು, ಮೇಲೆ ಮರ, ಅದರ ಮೇಲೆ ಇಳಿಜಾರು ಮಾಡು. ನೆಲದ ಗೆದ್ದಲಿಗೂ ತುಳುನಾಡಿನ ಮಳೆಗೂ ಮರ ಸುಲಭವಾಗಿ ಸಿಗದಂತೆ ಕಟ್ಟಿದ ಆ ರಚನೆಯೇ ಒಂದು ಸೋಸುಬಟ್ಟೆ. ಅದಕ್ಕೆ ಹೋಲಿಸಿದರೆ ಇಂದು ಕುಕ್ ಟೌನಿನಿಂದ ಕೃಷ್ಣರಾಜಪುರದವರೆಗೆ ಏಳುವ ಕಟ್ಟಡಗಳಲ್ಲಿ ನಡೆಯುವುದೇನು? ತಳಪಾಯದ ಮಣ್ಣಿಗೆ ಗೆದ್ದಲುನಾಶಕವನ್ನು ಧಾರಾಳವಾಗಿ ಸುರಿಯುವುದು, ಮುಗಿಯಿತು. ಒಂದು ಕಾಲಕ್ಕೆ ಹೀಗೆ ಸುರಿಯುತ್ತಿದ್ದ ಆಲ್ಡ್ರಿನ್ 1996ರಲ್ಲಿ ನಮ್ಮ ದೇಶದಲ್ಲಿ ನಿಷಿದ್ಧವಾಯಿತು. ಅದನ್ನು ಸುರಿದ ದಿನ ಅದೂ ಸುರಕ್ಷಿತವೆಂದೇ ಹೇಳಿದ್ದರು.

ಆದುದರಿಂದ ಬಸದಿಗಳ ಹಾಗೂ ದೇವಾಲಯಗಳ ಟ್ರಸ್ಟ್‌ಗಳಿಗೆ ಒಂದು ಸಲಹೆ. ಮರದ ಕೆಲಸದ ಅಂದಾಜುಪಟ್ಟಿ ಸಭೆಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ನಡಾವಳಿಯಲ್ಲಿ ಬರೆಸಿರಿ. ಇಲ್ಲಿ ಮರವೇ ಬೇಕೇ? ನೀರೂ ನೆಲವೂ ಮರವನ್ನು ಮುಟ್ಟದಂತೆ ರಚನೆಯನ್ನು ಬದಲಿಸಬಹುದೇ? ಹೊದಿಕೆಯಿಂದ ತಡೆಯಬಹುದೇ? ಈ ಮೂರಕ್ಕೂ ಉತ್ತರ ಸಿಗದಾಗ ಮಾತ್ರ, ಯಾವ ದ್ರವ್ಯ, ಎಷ್ಟು, ಒತ್ತಡದ ಸಂಸ್ಕರಣೆಯೋ ಬರಿಯ ಬಳಿಯುವಿಕೆಯೋ, ಉಳಿದ ತುಂಡುಗಳ ಗತಿಯೇನು? ಮರದ ಸಂರಕ್ಷಣೆಗೆ ಐಎಸ್ 401 ಎಂಬ ಭಾರತೀಯ ಮಾನಕವಿದೆ. ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ; 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಪ್ರಯೋಗಾಲಯವಾಗಿ ಆರಂಭವಾದ ಅಲ್ಲಿ ಸಮುದ್ರದ ಕೊರಕಜೀವಿಗಳ ಅಧ್ಯಯನವೂ ನಡೆದಿದೆ. ನಗರದ ಆ ಬದಿಗೆ ಹೋಗಿ ಕೇಳುವ ಶ್ರಮ ದೊಡ್ಡದಲ್ಲ.

ಇದಕ್ಕೆ ಹಣ ಸ್ವಲ್ಪ ಹೆಚ್ಚು ಬೇಕಾದೀತು, ಕಾಲವೂ ಹೆಚ್ಚು ಬೇಕಾದೀತು. ಸೋಸದ ನೀರು ಸೋಸಿದ ನೀರಿಗಿಂತ ಎಂದೆಂದಿಗೂ ಸುಲಭವೇ. ಆದರೂ ನಮ್ಮ ತಾಯಂದಿರು ದಿನವೂ ಬಟ್ಟೆಯನ್ನು ಹಿಂಡದೆ, ನಿಧಾನವಾಗಿ ಬಾವಿಗೆ ತೊಳೆದರು. ಅವರ ಆ ತಾಳ್ಮೆಯನ್ನು ಅಡುಗೆಮನೆಗಷ್ಟೇ ಸೀಮಿತಗೊಳಿಸದೆ, ಮುಂದಿನ ಸಭೆಯ ಅಂದಾಜುಪಟ್ಟಿಗೂ ಅನ್ವಯಿಸಬೇಕೆಂದು ಧರ್ಮಬಂಧುಗಳಲ್ಲಿ ವಿನಂತಿ.