ಮಾತ್ರೆಯ ಜೊತೆಗೆ ನೆಲವನ್ನೂ ಕೊಡಿ!

ಸೋರುವ ಗುಡಿಸಲಿನಲ್ಲಿ ಮಲಗಿದವನಿಗೆ ಕ್ಷಯದ ಮಾತ್ರೆ ನೀಡಿ ಕೈ ತೊಳೆದುಕೊಳ್ಳುವುದು ಸರಕಾರಗಳ ಹಳೆಯ ಚಾಳಿ. ಕೊಡಗು, ಮೈಸೂರು ಕಾಡಂಚಿನ ಜೇನುಕುರುಬ ಹಾಡಿಗಳಿಗೆ ಮಾತ್ರೆಯೊಂದೇ ಸಾಲದು. ಕಾಲೂರಲು ನೆಲ ಬೇಕು.

ನಾಗರಹೊಳೆಯ ಕಾಡಿನಿಂದ ಹೊರದಬ್ಬಲ್ಪಟ್ಟ ಅನೇಕರು ಕಾಫಿ ತೋಟಗಳ ಲೈನ್‌ಮನೆ ಸೇರಿದರು. ಅಲ್ಲಿ ಕೂಲಿ ಬಿಟ್ಟರೆ ಸೂರೂ ಹೋಯಿತು. ಆ ಬಾಳು ಸಾಕೆಂದು ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ಸಿಕ್ಕಿದ್ದೇನು? 2016ರ ಡಿಸೆಂಬರಿನಲ್ಲಿ ಗುಡಿಸಲುಗಳನ್ನೇ ನೆಲಸಮ ಮಾಡಲಾಯಿತು!

2006ರ ಅರಣ್ಯ ಹಕ್ಕು ಕಾಯಿದೆ ಸ್ಪಷ್ಟವಾಗಿದೆ: ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಯನ್ನು ಒಕ್ಕಲೆಬ್ಬಿಸಕೂಡದು. ಗ್ರಾಮಸಭೆ ಶಿಫಾರಸು ಮಾಡಿದರೆ ಕುಡಿಯುವ ನೀರಿಗೆ, ಔಷಧಾಲಯಕ್ಕೆ ಅರಣ್ಯಭೂಮಿ ಕೊಡಲು ಅದರಲ್ಲೇ ದಾರಿಯಿದೆ. 2023ರಲ್ಲಿ ಬಂದ ಪಿಎಂ ಜನಮನ ಯೋಜನೆ ಜೇನುಕುರುಬರಂಥವರಿಗೆ ಮನೆಯೊಂದಕ್ಕೆ 2.39 ಲಕ್ಷ ರೂಪಾಯಿ ಎಂದಿತು. ನಾವು ಕೇಳುತ್ತೇವೆ: ನಿವೇಶನವೇ ಇಲ್ಲದವನು ಆ ಮನೆಯನ್ನು ಆಕಾಶದಲ್ಲಿ ಕಟ್ಟಬೇಕೆ?

ಗಿರಣಿಯ ಬಂಧುಗಳೇ, ಅಂಗಡಿಕಾರ ಮಿತ್ರರೇ! ಗಾಳಿ ಬೆಳಕಿಲ್ಲದ ವಠಾರದಲ್ಲಿ ಕೆಮ್ಮು ಹೇಗೆ ಮನೆ ಮಾಡುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹಾಡಿಯವರು ಕೇಳುತ್ತಿರುವುದು ದಯೆಯಲ್ಲ. ಮೊದಲು ಹಕ್ಕುಪತ್ರ, ಅದರ ಹಿಂದೆಯೇ ಮನೆ, ನೀರು, ದಾದಿ. ಈ ಬೇಡಿಕೆಗೆ ನಿಮ್ಮ ದನಿಯೂ ಸೇರಲಿ!