ಐದು ಎನ್ನಲು ನಾಲ್ಕು ಭಾಷೆ

ಅಸೆಂಬ್ಲಿ ಎಂದೊಡನೆ ಬೆಂಗಳೂರಿನವರ ಕಣ್ಣಿಗೆ ಕಟ್ಟುವುದು ವಿಧಾನಸೌಧ. ಹೊಸಹಳ್ಳಿಯ ಮನೆಯೊಂದರಲ್ಲಿ ಇಂಜಿನಿಯರಿಂಗ್ ಓದುವ ಮಗ ರಾತ್ರಿ ಹನ್ನೊಂದಾದರೂ ದೀಪ ಆರಿಸದೆ, “ಅಸೆಂಬ್ಲಿ ಪ್ರೋಗ್ರಾಂ ಬರೀತಿದ್ದೀನಮ್ಮ” ಎಂದರೆ ತಾಯಿಗೆ ರಾಜಕೀಯದ ಗುಮಾನಿ ಬಂದೀತು. ಭಯಕ್ಕೆ ಕಾರಣವಿಲ್ಲ. ಈ ಅಸೆಂಬ್ಲಿಯಲ್ಲಿ ಭಾಷಣಕ್ಕೆ ಎಡೆಯೇ ಇಲ್ಲ. ಇಲ್ಲಿಯ ಮಾತುಗಳು ಹೆಚ್ಚಾಗಿ ಎರಡು ಮೂರು ಅಕ್ಷರದವು.

ಮೈಕ್ರೊಪ್ರೊಸೆಸರಿಗೆ ತಿಳಿಯುವುದು ಅಂಕಿ ಮಾತ್ರ. 1976ರಲ್ಲಿ ಇಂಟೆಲ್ ಕಂಪೆನಿ ಹೊರತಂದ 8085ಕ್ಕೆ “ಐದನ್ನು ಕೈಯಲ್ಲಿ ಹಿಡಿದುಕೊ” ಎನ್ನಬೇಕಾದರೆ ‘3ಇ 05’ ಎಂದು ಹೇಳಬೇಕು. ಮನುಷ್ಯನ ನೆನಪಿಗೆ ಇದು ನಿಲ್ಲದು. ಆದುದರಿಂದ ‘ಎಂವಿಐ ಎ, 05’ ಎಂಬ ಸಂಕೇತವನ್ನು ಮಾಡಿಕೊಂಡರು. ಇಂಥ ಸಂಕೇತಗಳ ಸಮೂಹವೇ ಅಸೆಂಬ್ಲಿ ಭಾಷೆ. ಸಂಕೇತವನ್ನು ಮರಳಿ ಅಂಕಿಯಾಗಿಸುವ ದುಭಾಷಿಗೆ ಅಸೆಂಬ್ಲರ್ ಎಂದು ಹೆಸರು.

ದುಭಾಷಿಯಿಲ್ಲದಿದ್ದರೆ? ಆಗ ವಿದ್ಯಾರ್ಥಿಯೇ ದುಭಾಷಿ. ರಾಜಾಜಿನಗರದ ಮಗ್ಗುಲಿನ ಸುಬ್ರಹ್ಮಣ್ಯನಗರದಿಂದ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್ ಹೊರತಂದ ಟ್ರೈನರ್ ಕಿಟ್ಟುಗಳನ್ನು ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಮುಟ್ಟದ ಹಳೆಯ ಇಂಜಿನಿಯರುಗಳು ಈ ಊರಿನಲ್ಲಿ ವಿರಳ. 8085ರ ಕಿಟ್ಟೆಂದರೆ ಒಂದು ಹಲಗೆ, ಅದರ ಮೇಲೊಂದಿಷ್ಟು ಗುಂಡಿ, ಕೆಂಪಗೆ ಬೆಳಗುವ ಕೆಲವೇ ಅಂಕಿಗಳು. ಅಚ್ಚಾದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಂಕೇತಕ್ಕೂ ಅಂಕಿ ಹುಡುಕಿ ಒತ್ತಬೇಕು. ಬ್ಯಾಟರಿಯ ಆಸರೆಯಿಲ್ಲದ ಕಿಟ್ಟಾದರೆ, ಕರೆಂಟು ಹೋದ ಕ್ಷಣ ಒತ್ತಿದ್ದೆಲ್ಲ ಮಾಯ!

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ಇಪ್ಪತ್ತು ಸಾಲು ಬರೆದಾದ ಮೇಲೆ ನಡುವೆ ಒಂದು ಆಜ್ಞೆ ಬಿಟ್ಟುಹೋಗಿದೆಯೆಂದು ತಿಳಿಯುತ್ತದೆ. ಅದನ್ನು ತುರುಕಿದರೆ ಕೆಳಗಿನ ಎಲ್ಲದರ ವಿಳಾಸವೂ ಪಲ್ಲಟವಾಗುತ್ತದೆ. “ಇಂಥ ಕಡೆಗೆ ನೆಗೆ” ಎಂದಿದ್ದಲ್ಲೆಲ್ಲ ವಿಳಾಸ ತಿದ್ದಬೇಕು. ‘ಹಳೆಯ ನಂಬರು, ಹೊಸ ನಂಬರು’ ಎಂದು ಎರಡೆರಡು ಬರೆಸಿಕೊಂಡ ಬೆಂಗಳೂರಿನ ಮನೆಬಾಗಿಲುಗಳನ್ನು ಕಂಡವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದನ್ನು ತಿದ್ದಲು ಮರೆತರೂ ಯಂತ್ರ ತಪ್ಪು ಮನೆಗೆ ನುಗ್ಗುತ್ತದೆ. ತಪ್ಪಾಯಿತೆಂದು ಹೇಳುವುದೂ ಇಲ್ಲ. ಪ್ರಾಯೋಗಿಕ ಪರೀಕ್ಷೆಯ ಮೂರು ಗಂಟೆಗಳು ಹೀಗೆಯೇ ಕರಗಿಹೋಗುವುದುಂಟು.

ಅಸೆಂಬ್ಲರಿನ ಉಪಾಯ ಬಹು ಸರಳ. ಅದು ಬರಹವನ್ನು ಎರಡು ಸಲ ಓದುತ್ತದೆ. ಮೊದಲ ಓದಿನಲ್ಲಿ ಯಾವ ಹೆಸರು ಯಾವ ವಿಳಾಸದಲ್ಲಿದೆಯೆಂಬ ಪಟ್ಟಿ ಮಾಡುತ್ತದೆ. ಎರಡನೆಯದರಲ್ಲಿ ಹೆಸರಿದ್ದೆಡೆ ಅಂಕಿಯನ್ನು ತುಂಬುತ್ತದೆ. ನಡುವೆ ಏನೇ ಸೇರಿಸಿದರೂ ಲೆಕ್ಕ ಅದರದು.

ಹಾಗಾದರೆ ಒಂದೇ ಅಸೆಂಬ್ಲರ್ ಸಾಲದೆ? ಸಾಲದು. ಆ ಐದನ್ನೇ ಹಿಡಿಯಲು 8086 ‘ಬಿ0 05’ ಎಂದು ಕೇಳುತ್ತದೆ, 8051 ‘74 05’ ಎಂದು, 6502 ‘ಎ9 05’ ಎಂದು. ತಮಾಷೆಯೆಂದರೆ ಜೆಡ್80ಕ್ಕೆ ಅಂಕಿ 8085ರದೇ, ‘3ಇ 05’. ಆದರೆ ಅದನ್ನು ಮಾಡಿದವರು ಸಂಕೇತವನ್ನು ‘ಎಲ್‌ಡಿ’ ಎಂದು ಬೇರೆ ಇಟ್ಟುಕೊಂಡರು. ಅಡುಗೆ ಒಂದೇ, ಹೆಸರು ಎರಡು!

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಹುಕಾಲ 8086 ಮತ್ತು ಮೈಕ್ರೊಸಾಫ್ಟಿನ ‘ಮಾಸ್ಮ್’ ಅಸೆಂಬ್ಲರ್ ರಾಜ್ಯವಾಳಿದವು. ಮುಂದೆ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಎಆರ್‌ಎಂ ಬಂದಿತು. ಅಣ್ಣನ ನೋಟ್ಸು ತಮ್ಮನಿಗೆ ಒದಗದಾಯಿತು. ಆದರೂ ರಿಜಿಸ್ಟರು, ವಿಳಾಸ, ನೆಗೆತ ಇವುಗಳ ಅರ್ಥ ಬಲ್ಲವನಿಗೆ ಹೊಸ ಸಂಕೇತ ಕಲಿಯಲು ಹೆಚ್ಚು ದಿನ ಬೇಡ.

ಕೊಳ್ಳುವ ಪ್ರೊಸೆಸರಿಗಾದರೆ ಸಾಧನಗಳೂ ದೊರೆಯುತ್ತವೆ. ತಾವೇ ಹೊಸ ಆಜ್ಞೆಗಳನ್ನು ಕಲ್ಪಿಸಿ ಮಾಡಿದ ಪ್ರೊಸೆಸರಿಗೆ ಅಸೆಂಬ್ಲರ್ ಮಾರುವವರು ಯಾರು? ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆ ಎದುರಿಸಿದ್ದು ಈ ಪ್ರಶ್ನೆಯನ್ನೇ. ರಾಕೆಟ್ಟುಗಳಿಗಾಗಿ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರ ಮತ್ತು ಚಂಡೀಗಢದ ಸೆಮಿಕಂಡಕ್ಟರ್ ಪ್ರಯೋಗಾಲಯ ಕೂಡಿ ರೂಪಿಸಿದ 32 ಬಿಟ್ಟಿನ ‘ವಿಕ್ರಮ್ 3201’ಕ್ಕೆ ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್, ಅಡಾ ಭಾಷೆಯ ಕಂಪೈಲರ್ ಎಲ್ಲವನ್ನೂ ಇಸ್ರೋ ತಾನೇ ಬರೆದುಕೊಂಡಿತು. 2024ರ ಡಿಸೆಂಬರ್ 30ರಂದು ಮೇಲೇರಿದ ಪಿಎಸ್‌ಎಲ್‌ವಿ-ಸಿ60ರ ಯಾತ್ರೆಯಲ್ಲಿ ಈ ಪ್ರೊಸೆಸರ್ ಬಾಹ್ಯಾಕಾಶದಲ್ಲಿ ಪರೀಕ್ಷೆಗೊಂಡು ಗೆದ್ದಿತು. 2025ರ ಮಾರ್ಚ್ 5ರಂದು ಮೊದಲ ಕಂತು ಇಸ್ರೋ ಅಧ್ಯಕ್ಷರ ಕೈಸೇರಿತು. ಸಿ ಭಾಷೆಯ ಕಂಪೈಲರ್ ಮಾತ್ರ ಅಂದಿಗೆ ಇನ್ನೂ ತಯಾರಾಗುತ್ತಿತ್ತು.