ಲಿಂಕ್ ಕಳಿಸಿ ಕಮಿಷನ್ ತಗೊಂಡರೆ ನೀವೂ ಬ್ರೋಕರೇ

ಬಂಟ್ವಾಳ ಕಡೆಯ ಓದುಗರೊಬ್ಬರ ಪ್ರಶ್ನೆ ಇದು: "ನನಗೆ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ವೀಕೆಂಡಿಗೆ ಊರಿಗೆ ಬಂದಾಗ ಬಿ.ಸಿ. ರೋಡ್, ಉಜಿರೆ, ಮೂಡುಬಿದಿರೆ ಕಡೆಯ ಸೈಟುಗಳ ರೀಲ್ಸ್ ಮಾಡಿ ಇನ್‌ಸ್ಟಾಗ್ರಾಂ ಪೇಜಿಗೆ ಹಾಕ್ತೇನೆ. ಯಾರಾದ್ರೂ ಮೆಸೇಜ್ ಮಾಡಿದ್ರೆ ಅವರ ನಂಬರನ್ನು ಲೇಔಟ್ ಮಾಡಿದವರಿಗೆ ಕಳಿಸ್ತೇನೆ. ಸೈಟ್ ಸೇಲಾದ್ರೆ ಅವರು ಒಂದು ಪರ್ಸೆಂಟ್ ಕೊಡ್ತಾರೆ. ನಾನು ರೇಟ್ ಮಾತಾಡುವುದಿಲ್ಲ, ಜಾಗ ತೋರಿಸ್ಲಿಕ್ಕೂ ಹೋಗುವುದಿಲ್ಲ. ನನಗೂ ಲೈಸೆನ್ಸ್ ಬೇಕಾ?"

ಬೇಕು ಮಾರಾಯ್ರೆ. ಲೇಔಟ್ ರೇರಾದಲ್ಲಿ ನೋಂದಣಿಯಾಗಬೇಕಾದದ್ದು ಆಗಿದ್ದರೆ ಖಂಡಿತ ಬೇಕು.

"ನಾನು ಬ್ರೋಕರ್ ಅಲ್ಲ, ಬರೀ ರೆಫರ್ ಮಾಡೋದು" ಅನ್ನುವುದು ಈಗ ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ನಾವು ರೇರಾ ಅನ್ನುವ ಕಾನೂನು, ಈ ಮಾತಿಗೆ ಜಾಗವನ್ನೇ ಇಟ್ಟಿಲ್ಲ. ಅದರಲ್ಲಿ ಏಜೆಂಟ್ ಯಾರು ಎಂದು ಹೇಳುವಾಗ ವ್ಯಾಪಾರ ಕುದುರಿಸುವವರನ್ನು ಮಾತ್ರ ಹೇಳಿಲ್ಲ. ಕೊಳ್ಳುವವರನ್ನೂ ಮಾರುವವರನ್ನೂ ಯಾವ ಮಾಧ್ಯಮದ ಮೂಲಕವಾದರೂ ಪರಸ್ಪರ ಪರಿಚಯಿಸಿ, ಅದಕ್ಕೆ ಕಮಿಷನ್ ಅಥವಾ ಇನ್ಯಾವುದೇ ರೂಪದಲ್ಲಿ ಪ್ರತಿಫಲ ಪಡೆಯುವವರೂ ಏಜೆಂಟರೇ. ಡೀಲರ್, ಮಧ್ಯವರ್ತಿ, ದಲ್ಲಾಳಿ, ಹೆಸರು ಏನೇ ಇರಲಿ. ವಾಟ್ಸ್ಆ್ಯಪ್ ಗ್ರೂಪೂ ಮಾಧ್ಯಮ, ರೀಲ್ಸೂ ಮಾಧ್ಯಮ. ಮಾರಾಟದಲ್ಲಿ ತೊಡಗಿದ ವೆಬ್ ಪೋರ್ಟಲ್‌ಗಳೂ ಈ ಕಾಯ್ದೆಯ ಕೆಳಗೆ ಬರುತ್ತವೆ ಎಂದು ಕೇಂದ್ರ ವಸತಿ ಸಚಿವಾಲಯ ತನ್ನ ಪ್ರಶ್ನೋತ್ತರದಲ್ಲಿ ಸ್ಪಷ್ಟವಾಗಿ ಹೇಳಿದೆ. ದುಡ್ಡಿನ ಬದಲು ಗಿಫ್ಟ್ ವೋಚರ್ ಕೊಟ್ಟರೆ? "ಇನ್ಯಾವುದೇ ರೂಪ"ದಲ್ಲಿ ಅದೂ ಬಂತು. ಸಣ್ಣ ಮೊತ್ತವಾದರೆ ವಿನಾಯಿತಿ ಎಂಬ ಸಾಲು ಆ ವ್ಯಾಖ್ಯೆಯಲ್ಲಿ ಇಲ್ಲ.

ಇನ್ನು ಯಾವ ಲೇಔಟಿಗೆ ರೇರಾ ಬೇಕು, ಯಾವುದಕ್ಕೆ ಬೇಡ? ನಮ್ಮ ಕಡೆ ಎಡವಟ್ಟಾಗುವುದು ಇಲ್ಲೇ. ಕಾಯ್ದೆ ಮಾತಾಡುವುದು ಚದರ ಮೀಟರಿನಲ್ಲಿ, ನಾವು ಮಾತಾಡುವುದು ಸೆಂಟ್ಸಿನಲ್ಲಿ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ, ಸುಮಾರು 40.5 ಚದರ ಮೀಟರ್. ಅಭಿವೃದ್ಧಿ ಮಾಡುವ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಎಲ್ಲ ಹಂತ ಸೇರಿಸಿ ಅಪಾರ್ಟ್‌ಮೆಂಟ್ 8ಕ್ಕಿಂತ ಹೆಚ್ಚಿಲ್ಲದಿದ್ದರೆ ಯೋಜನೆಯ ನೋಂದಣಿ ಬೇಡ. 500 ಚದರ ಮೀಟರ್ ಅಂದರೆ ಎಷ್ಟು? ಹನ್ನೆರಡೂ ಕಾಲು ಸೆಂಟ್ಸ್ ಚಿಲ್ಲರೆ, ಅಷ್ಟೇ! ಐದು ಸೆಂಟ್ಸಿನ ಮೂರು ಸೈಟ್ ಮಾಡಿದರೂ ಮಿತಿ ದಾಟಿತು. "ನಮ್ಮದು ಸಣ್ಣ ಲೇಔಟ್, ಬರೀ ಅರ್ಧ ಎಕರೆ, ರೇರಾ ಎಂತ ಬೇಡ" ಅಂತ ಯಾರಾದರೂ ಹೇಳಿದರೆ ಲೆಕ್ಕ ನೀವೇ ಹಾಕಿ. ಅರ್ಧ ಎಕರೆ ಅಂದರೆ 50 ಸೆಂಟ್ಸ್, 2,000 ಚದರ ಮೀಟರಿಗೂ ಮೇಲೆ.

ಹಾಗಂತ ಊರಲ್ಲಿ ನಡೆಯುವ ಎಲ್ಲ ವ್ಯಾಪಾರವೂ ರೇರಾ ಒಳಗೆ ಬರುವುದಿಲ್ಲ. ವೇಣೂರು ಕಡೆ ಒಬ್ಬರು ತಮ್ಮ ಅಡಿಕೆ ತೋಟವನ್ನು ತೋಟವಾಗಿಯೇ ಇನ್ನೊಬ್ಬರಿಗೆ ಮಾರಿದರೆ ಅದು ರಿಯಲ್ ಎಸ್ಟೇಟ್ ಯೋಜನೆ ಅಲ್ಲ. ಮೆಲ್ಕಾರಿನ ಹಳೇ ಮನೆಯನ್ನು ಯಜಮಾನರೇ ಮಾರುವುದು, ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳಿಗೆ ಬಾಡಿಗೆ ರೂಮು ಹುಡುಕಿ ಕೊಡುವುದು, ಇವು ಕೂಡ ಇಲ್ಲಿ ಬರುವುದಿಲ್ಲ. ಏಜೆಂಟರ ನೋಂದಣಿ ಬೇಕಾಗುವುದು ಯೋಜನಾ ಪ್ರದೇಶದೊಳಗೆ ಡೆವಲಪರ್ ಮಾರುವ, ರೇರಾ ನೋಂದಣಿಯಾದ ಯೋಜನೆಯ ಸೈಟ್, ಫ್ಲ್ಯಾಟ್‌ಗಳಿಗೆ. ಯೋಜನಾ ಪ್ರದೇಶದ ಹೊರಗಿನ ಯೋಜನೆಯನ್ನೂ ಕೊಳ್ಳುವವರ ಹಿತಕ್ಕಾಗಿ ನೋಂದಾಯಿಸಿ ಎಂದು ಹೇಳುವ ಅಧಿಕಾರ ಪ್ರಾಧಿಕಾರಕ್ಕೆ ಉಂಟು, ಇದನ್ನು ಮರೆಯಬೇಡಿ.

ಈಗ ನೀವು ಕೇಳಬಹುದು: ನೋಂದಣಿಯಾದ ಲೇಔಟಿಗೆ ಮಾತ್ರ ಏಜೆಂಟರ ನೋಂದಣಿ ಅಂದಮೇಲೆ ನೋಂದಣಿಯಾಗದ ಲೇಔಟನ್ನು ರೆಫರ್ ಮಾಡಿದರೆ ಆಯಿತಲ್ಲ? ಆಗುವುದಿಲ್ಲ. ನೋಂದಣಿ ಆಗಬೇಕಿದ್ದೂ ಆಗದ ಯೋಜನೆಯ ಮಾರಾಟಕ್ಕೆ ಏಜೆಂಟ್ ಕೈಹಾಕಲೇಬಾರದು ಎನ್ನುವುದು ಅದೇ ಕಾಯ್ದೆಯ 10ನೇ ಸೆಕ್ಷನ್. ಅದು ಇನ್ನೂ ದೊಡ್ಡ ತಪ್ಪು.

ದಂಡದ ಲೆಕ್ಕ ಒಮ್ಮೆ ನೋಡಿ. 9 ಅಥವಾ 10ನೇ ಸೆಕ್ಷನ್ ಮುರಿದರೆ ತಪ್ಪು ಮುಂದುವರಿದ ಪ್ರತಿ ದಿನಕ್ಕೆ 10,000 ರೂಪಾಯಿ. ಒಟ್ಟು ಸೇರಿ ನೀವು ಮಾರಿಸಿಕೊಟ್ಟ ಆಸ್ತಿಯ ಬೆಲೆಯ ಶೇ. 5ರವರೆಗೂ ಹೋಗಬಹುದು. 20 ಲಕ್ಷದ ಸೈಟಿಗೆ ನಿಮಗೆ ಸಿಗುವ ಒಂದು ಪರ್ಸೆಂಟ್ 20,000. ದಂಡ ಒಂದು ಲಕ್ಷದವರೆಗೆ. ಹತ್ತು ದಿನದಲ್ಲಿ ಆ ಮಿತಿ ಮುಟ್ಟುತ್ತದೆ. ಗಮ್ಮತ್ತಿನ ಸೈಡ್ ಇನ್‌ಕಮ್ ಅಲ್ವಾ?

ನೋಂದಣಿ ಮಾಡಿಸುವುದು ಕಷ್ಟದ ಕೆಲಸ ಅಲ್ಲ, ಆದರೆ ಅಗ್ಗವೂ ಅಲ್ಲ. ಕರ್ನಾಟಕದ 2017ರ ನಿಯಮಗಳ ಪ್ರಕಾರ ಒಬ್ಬ ವ್ಯಕ್ತಿಗೆ ಶುಲ್ಕ 25,000 ರೂಪಾಯಿ. ಪಾರ್ಟ್ನರ್‌ಶಿಪ್, ಕಂಪನಿ ಇತ್ಯಾದಿ ಆದರೆ 2 ಲಕ್ಷ. ಬೆಳ್ತಂಗಡಿಯಲ್ಲಿ ವರ್ಷಕ್ಕೆ ಮೂರ್ನಾಲ್ಕು ಸೈಟ್ ಮಾರಿಸುವ ಹುಡುಗನಿಗೂ ಬೆಂಗಳೂರಿನ ದೊಡ್ಡ ಏಜೆಂಟನಿಗೂ ಒಂದೇ ಶುಲ್ಕ ಇಟ್ಟಿರುವುದು ನನಗೇನೂ ಸರಿ ಕಾಣುವುದಿಲ್ಲ. ಸಣ್ಣವರು ಅಡಗಿ ವ್ಯಾಪಾರ ಮಾಡಲು ಅದೂ ಒಂದು ಕಾರಣ. ಆದರೂ ಲೆಕ್ಕ ಹಾಕಿ ನೋಡಿ: ಒಮ್ಮೆ ಮಾಡಿಸಿದರೆ 5 ವರ್ಷ ಇರುತ್ತದೆ. ಅಂದರೆ ವರ್ಷಕ್ಕೆ 5,000. ಗೆಳೆಯರಿಬ್ಬರು ಸೇರಿ ಪೇಜ್ ನಡೆಸುವುದಾದರೆ ಅವಸರದಲ್ಲಿ ಎಲ್‌ಎಲ್‌ಪಿ ಮಾಡಿ 2 ಲಕ್ಷ ಕಟ್ಟಬೇಡಿ. ಇಬ್ಬರೂ ಬೇರೆ ಬೇರೆ ಹೆಸರಲ್ಲಿ ಮಾಡಿಸಿದರೆ 50,000ದಲ್ಲಿ ಮುಗಿಯುತ್ತದೆ. ಅರ್ಜಿ ಕರ್ನಾಟಕ ರೇರಾದ ವೆಬ್‌ಸೈಟಿನಲ್ಲೇ ಹಾಕುವುದು. ಪ್ಯಾನ್, ಫೋಟೋ, ವಿಳಾಸದ ದಾಖಲೆ, ಹಿಂದಿನ ಮೂರು ವರ್ಷದ ಐಟಿ ರಿಟರ್ನ್ ಕೈಯಲ್ಲಿ ಇಟ್ಟುಕೊಂಡು ಕೂತುಕೊಳ್ಳಿ.

ನಂಬರ್ ಸಿಕ್ಕಿದ ಮೇಲೆ ಅದನ್ನು ಫ್ರೇಮ್ ಹಾಕಿ ಇಟ್ಟರೆ ಸಾಲದು. ನೀವು ಮಾಡಿಸುವ ಪ್ರತಿ ವ್ಯಾಪಾರದಲ್ಲೂ ಆ ನಂಬರ್ ಕಾಣಬೇಕು. ಹಾಗಾಗಿ ಪೇಜಿನ ಬಯೋದಲ್ಲೂ ಹಾಕಿಬಿಡಿ. ಲೆಕ್ಕ ಪುಸ್ತಕ ಇಡಬೇಕು. ಕೊಳ್ಳುವವರಿಗೆ ಅವರಿಗೆ ಸಿಗಬೇಕಾದ ಮಾಹಿತಿ, ದಾಖಲೆ ಸಿಗುವಂತೆ ನೋಡಿಕೊಳ್ಳಬೇಕು. ಸುಳ್ಳು ಹೇಳಿ ಮಾರಬಾರದು.

ಈ ಕೊನೆಯದ್ದನ್ನು ನಮ್ಮ ಮೂರು ತಾಲೂಕಿಗೆ ಹೊಂದಿಸಿ ಸ್ವಲ್ಪ ಬಿಡಿಸಿ ಹೇಳಬೇಕು. ಡ್ರೋನ್ ಹಾರಿಸಿ ತೆಗೆದ ವಿಡಿಯೋದಲ್ಲಿ ಗುಡ್ಡದ ಹಸಿರು ಚಂದ ಕಾಣುತ್ತದೆ. "ಆ ತುದಿಯವರೆಗೂ ನಮ್ದೇ" ಅಂತ ಲೇಔಟಿನವರು ಹೇಳುತ್ತಾರೆ. ಆ ತುದಿ ವರ್ಗ ಜಾಗವೋ ಕುಮ್ಕಿಯೋ? ಕುಮ್ಕಿ ಅಂದರೆ ವರ್ಗದಾರರಿಗೆ ಸೊಪ್ಪು, ಸೌದೆಗೆಂದು ಅನುಭವಿಸಲು ಬಿಟ್ಟ ಸರ್ಕಾರಿ ಜಾಗ. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಬೆಂಗಳೂರು, ಮುಂಬಯಿಯಲ್ಲಿ ಕೂತು ರೀಲ್ಸ್ ನೋಡುವವರಿಗೆ ಕುಮ್ಕಿ ಅನ್ನುವ ಶಬ್ದವೇ ಗೊತ್ತಿರುವುದಿಲ್ಲ. ಗೊತ್ತಿರುವವರು ನೀವು. ಹಾಗಾಗಿ ಕ್ಯಾಮೆರಾ ಆನ್ ಮಾಡುವ ಮೊದಲು ಆರ್‌ಟಿಸಿ, ಕನ್ವರ್ಷನ್ ಆದೇಶ, ಲೇಔಟ್ ಅಪ್ರೂವಲ್, ಪಂಚಾಯತ್ ಜಾಗವಾದರೆ 9/11, ಇಷ್ಟನ್ನು ಕೇಳಿ ನೋಡಿಕೊಳ್ಳಿ. ಕೊಡಲು ಹಿಂದೇಟು ಹಾಕಿದರೆ ಆ ಜಾಗದ ರೀಲ್ಸ್ ಮಾಡದೆ ಬನ್ನಿ.

ಇಷ್ಟೆಲ್ಲ ಯಾಕೆ ಅಂದರೆ ಆನ್‌ಲೈನ್ ಪೇಜ್ ಆದರೂ ನಮ್ಮೂರಲ್ಲಿ ಜಾಗ ಹೋಗುವುದು ಪರಿಚಯದ ಮೇಲೆ. ನಿಮ್ಮ ಲಿಂಕ್ ಒತ್ತಿದವರು ಚಿಕ್ಕಮ್ಮನ ಮಗ ಇರಬಹುದು, ದುಬೈಯಲ್ಲಿ ದುಡಿದ ಹಣದಲ್ಲಿ ಫರಂಗಿಪೇಟೆಯಲ್ಲೊಂದು ಮನೆ ಕಟ್ಟಬೇಕು ಅಂತ ಇರುವ ನೆರೆಮನೆಯವರು ಇರಬಹುದು. ಅಂದ ಹಾಗೆ ದುಬೈಯಲ್ಲೂ ರೇರಾ ಅಂತಲೇ ಕರೆಯುವ ಸಂಸ್ಥೆ ಇದೆ. ಅಲ್ಲಿ ಬ್ರೋಕರ್ ಕಾರ್ಡ್ ಇಲ್ಲದೆ ಈ ಕೆಲಸ ಮಾಡುವ ಹಾಗಿಲ್ಲ, ಆಸ್ತಿಯ ಜಾಹೀರಾತಿಗೂ ಪರ್ಮಿಟ್ ಬೇಕು. ಅದನ್ನು ನೋಡಿ ಅಭ್ಯಾಸ ಇರುವವರು ನಿಮ್ಮ ಹತ್ತಿರ ಮೊದಲು ಕೇಳುವುದೇ ನಂಬರ್.

ಕೊಳ್ಳುವ ಕಡೆ ಇರುವವರಿಗೂ ಎರಡು ಮಾತು. ಕರ್ನಾಟಕ ರೇರಾ ಕೊಡುವ ಏಜೆಂಟ್ ನಂಬರಿನ ಮಧ್ಯೆ ಎಜಿ ಅಂತ ಇರುತ್ತದೆ, ಯೋಜನೆಯ ನಂಬರಿನಲ್ಲಿ ಪಿಆರ್ ಅಂತ ಇರುತ್ತದೆ. ಎರಡನ್ನೂ ಕೇಳಿ, ಎರಡನ್ನೂ ವೆಬ್‌ಸೈಟಿನಲ್ಲಿ ಹುಡುಕಿ, ಹೆಸರು ಹೊಂದುತ್ತದಾ ನೋಡಿ. ಬುಕಿಂಗ್ ಅಂತ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣವನ್ನು ನೋಂದಾಯಿತ ಕರಾರು ಆಗುವ ಮೊದಲು ಡೆವಲಪರ್ ತೆಗೆದುಕೊಳ್ಳುವಂತಿಲ್ಲ. ರೆಫರ್ ಮಾಡಿದವರ ಯುಪಿಐಗೆ ಅಂತೂ ಒಂದು ರೂಪಾಯಿಯೂ ಹಾಕಬೇಡಿ.

ಓದುಗರಿಗೆ ಇನ್ನೊಂದು ವಿಷಯ, ಅವರು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಕಂಪನಿಯ ಆಫರ್ ಲೆಟರ್ ತೆಗೆದು ಹೊರಗಿನ ಕೆಲಸದ ಬಗ್ಗೆ ಏನು ಬರೆದಿದೆ ಓದಿ. ಐಟಿ ಕಂಪನಿಗಳು ಈಗ ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಮಿಷನ್ ಬಂದರೆ ಅದು ವ್ಯವಹಾರದ ಆದಾಯ, ಸಂಬಳದವರು ತುಂಬುವ ಐಟಿಆರ್-1 ಅದಕ್ಕೆ ಸಾಕಾಗುವುದಿಲ್ಲ.

ಅವರ ಪತ್ರದ ಕೊನೆಗೆ ಒಂದು ಸಾಲು ಇತ್ತು: ಮಂಜೇಶ್ವರ, ಉಪ್ಪಳದ ಸೈಟುಗಳನ್ನೂ ಪೇಜಿಗೆ ಹಾಕಬಹುದಾ ಅಂತ. ಏಜೆಂಟರ ನೋಂದಣಿ ಇಡೀ ರಾಜ್ಯಕ್ಕೆ ಒಂದೇ, ಆದರೆ ಆ ರಾಜ್ಯಕ್ಕೆ ಮಾತ್ರ. ಬಂಟ್ವಾಳದಲ್ಲಿ ಮಾಡಿಸಿದ್ದು ಬೀದರ್‌ವರೆಗೂ ನಡೆಯುತ್ತದೆ, ತಲಪಾಡಿ ದಾಟಿದರೆ ನಡೆಯುವುದಿಲ್ಲ. ಕಾಸರಗೋಡು ಜಿಲ್ಲೆಯ ಯೋಜನೆಗಳಿಗೆ ಕೇರಳ ರೇರಾದಲ್ಲಿ ಬೇರೆಯೇ ನೋಂದಣಿ ಮಾಡಿಸಬೇಕು.